ನಾನು ಸೇರಿಸದ ಓರೆ

೧೪ ನವೆಂಬರ್ ೨೦೨೫, ಶುಕ್ರವಾರ. ದಾವಣಗೆರೆ

ತಪ್ಪು ನನ್ನದೇ. ಸೂರ್ಯನ ಕಾಂತರೇಖೆಗಳೂ ಭೂಮಿಯವೂ ಭೂಮಿಯ ಕಾಂತವಲಯದ ಅಂಚಿನಲ್ಲಿ ಕಡಿದು ಮರುಜೋಡಣೆಯಾಗುವ ಜಾಗವನ್ನು ಮೊದಲೇ ಹೇಳುವ ಲೆಕ್ಕದಲ್ಲಿ, ಭೂಮಿಯ ಕಾಂತ ಅಕ್ಷದ ಓರೆಯನ್ನೇ ಸೇರಿಸಿರಲಿಲ್ಲ. ಉಪಗ್ರಹ ಕಂಡ ಜಾಗ ನನ್ನ ಲೆಕ್ಕ ಎಳೆದ ಗೆರೆಯಿಂದ ಎಷ್ಟೋ ದೂರವಿತ್ತು.

ಆ ಲೆಕ್ಕ ತೋರಿಸಿದ ದಿನವೇ ನನ್ನ ವಿದ್ಯಾರ್ಥಿನಿ ನೇತ್ರಾವತಿ, "ಸಾಯಿಮಾ ಮೇಡಂ, ಓರೆ ಸೇರ್‍ಸಿದ್ರಾ? ಒಂದ್ಸಲ ನೋಡ್ರಿ" ಅಂದಿದ್ದಳು. "ನಂಗೇ ಪಾಠ ಹೇಳ್ಬ್ಯಾಡ" ಎಂದು ಎಲ್ಲರೆದುರು ಬೈದೆ. ಮರುವಾರವೇ ಸಂಶೋಧನೆ ಬಿಟ್ಟು ತನ್ನೂರು ನಂದಿಗುಡಿಗೆ ಹೋದಳು. ನಾನು ತಡೆಯಲಿಲ್ಲ.

ಇಂದು ಓರೆ ಸೇರಿಸಿದೆ. ಗೆರೆ ಉಪಗ್ರಹ ಕಂಡ ಜಾಗದ ಮೇಲೇ ಬಂದು ಕೂತಿತು.

ಕ್ಷಮೆ ಕೇಳೋಣವೆಂದು ಸಂಜೆ ಅವಳಿಗೆ ಫೋನ್ ಮಾಡಿದೆ. ಗೆರೆ ಕೂತ ಸುದ್ದಿಯನ್ನಷ್ಟೇ ಹೇಳಿದೆ.

"ನಿಮ್ಮ ಲೆಕ್ಕ ಸರಿ ಬಂತಲ್ರಿ ಮೇಡಂ, ಖುಷಿ ಆತು" ಅಂದಳು.

"ಸರಿ ಬಂದದ್ದು ನಿನ್ನ ಮಾತು" ಎನ್ನಲು ನನಗೆ ಆಗಲೂ ಬಾಯಿ ಬರಲಿಲ್ಲ.