ಆರು ದೊಡ್ಡ ತೂತುಗಳು

ಪಿಯೋರಿಯಾ
ಅಕ್ಟೋಬರ್ ೧೪, ಮಂಗಳವಾರ

ಪ್ರೀತಿಯ ವರ್ನೆಲ್,

ಸಮಸ್ತ ನಾಗರಿಕರಿಗೆ ತಿಳಿಯಪಡಿಸುವುದೇನೆಂದರೆ, ಇಂದು ಬೆಳಗ್ಗೆ ಏಳು ಗಂಟೆಗೆ ನನ್ನ ಫ್ರಿಜ್ಜಿನ ಬಾಗಿಲಿನಿಂದ ಒಂದು ಕಾಗದವನ್ನು ಸಕಲ ಮರ್ಯಾದೆಗಳೊಂದಿಗೆ ಕೆಳಗಿಳಿಸಲಾಯಿತು. ಸಮಾರಂಭಕ್ಕೆ ನಾನೂ ಬೆಕ್ಕೂ ಹಾಜರಿದ್ದೆವು. ಬೆಕ್ಕು ಮಧ್ಯದಲ್ಲೇ ಎದ್ದು ಹೋಯಿತು.

ಅದು ನಾನು ಗುರಿಯಿಟ್ಟು ಹೊಡೆದ ಕಾಗದ. ಬಂದೂಕಿನ ಪರವಾನಗಿ ಬೇಕೆನ್ನುವ ಬಡವರಿಗೆ ಚರ್ಚಿನವರು ಪುಕ್ಕಟೆ ಕೊಟ್ಟ ತರಬೇತಿಯಲ್ಲಿ ನಾನು ಪಾಸಾದದ್ದಕ್ಕೆ ಸಾಕ್ಷಿ. ಮೂವತ್ತು ಗುಂಡಿನಲ್ಲಿ ಇಪ್ಪತ್ತೊಂದು ತಾಗಿದರೆ ಪಾಸು. ನನ್ನದರಲ್ಲಿ ಇಪ್ಪತ್ತೆರಡು, ನಿನ್ನದರಲ್ಲಿ ಹದಿನೇಳು. ಆಮೇಲೆ ಊಟಕ್ಕೆ ಕೂತಾಗ ನಾನು ದೊಡ್ಡ ಮನುಷ್ಯಳ ಹಾಗೆ, "ಬೇಜಾರ್ ಮಾಡ್ಕೋಬೇಡ ಕಣೇ, ಎಲ್ರಿಗೂ ಕೈ ಕೂತ್ಕೊಳಲ್ಲ" ಅಂದೆ. ನೀನು ಮುಟ್ಟದೆ ಬಿಟ್ಟ ಕರಿದ ಮೀನನ್ನೂ ನಾನೇ ತಿಂದೆ.

ನನಗೆ ಬಂದೂಕು ಯಾಕೆ, ಹೇಳು? ನನ್ನ ಮನೆಗೆ ನುಗ್ಗುವ ಶತ್ರು ಅಂದರೆ ಅಟ್ಟದ ಅಳಿಲೊಂದೇ. ಬೇಕಾಗಿದ್ದದ್ದು ನಿನಗೆ. ನಿನ್ನ ಆ ಮಾಜಿ ಗಂಡ ರೋಸ್ಕೊ ಮುಂದಿನ ತಿಂಗಳು ಜೈಲಿನಿಂದ ಬರುತ್ತಾನೆ, ಬಂದರೆ ನಿನ್ನನ್ನು ಬಿಡುವುದಿಲ್ಲ ಎಂದು ಅಲ್ಲಿಂದಲೇ ಹೇಳಿ ಕಳಿಸಿದ್ದಾನೆ. "ಒಬ್ಳೇ ಹೋಗೋಕೆ ಒಂಥರಾ ಆಗುತ್ತೆ, ಜೊತೆಗೆ ಬಾರೇ" ಎಂದು ನೀನು ಕರೆದದ್ದಕ್ಕೆ ಬಂದವಳು ನಾನು. ಪುಕ್ಕಟೆ ಅವಕಾಶ ಒಬ್ಬರಿಗೆ ಒಂದೇ ಸಲ ಅನ್ನುವುದು ನಮಗಿಬ್ಬರಿಗೂ ಗೊತ್ತಿತ್ತು.

ಈಗ ಸಂಗತಿಗೆ ಬರುತ್ತೇನೆ. ನನ್ನ ಮಣಿಕಟ್ಟು ನೋವು ನೋಡಿ, ತರಬೇತಿ ಕೊಟ್ಟ ಪರ್ಸೆಲ್ ಮೇಷ್ಟ್ರು ನನಗೆ ಸಣ್ಣ ಗುಂಡಿನ ಪಿಸ್ತೂಲು ಕೊಟ್ಟರು, ನಿನಗೆ ದೊಡ್ಡದು. ನಿನ್ನೆ ಹಾಲು ತೆಗೆಯಲು ಹೋದವಳು ಆ ಕಾಗದ ನೋಡಿದೆ. ಹದಿನಾರು ತೂತು ಮೆಣಸಿನ ಕಾಳಿನಷ್ಟು, ಆರು ತೂತು ಕಡಲೆಯಷ್ಟು! ಗಾಬರಿಯಲ್ಲಿ ನೀನು ಆರು ಸಲ ಪಕ್ಕದ ನನ್ನ ಕಾಗದಕ್ಕೆ ಹೊಡೆದಿದ್ದೀ. ಅವನ್ನು ಸೇರಿಸಿದರೆ ನಿನ್ನದು ಇಪ್ಪತ್ತಮೂರು, ನನ್ನದು ಬರೀ ಹದಿನಾರು. ನಿನ್ನ ಕೈ ಸರಿಯಾಗೇ ಇತ್ತು ವರ್ನೆಲ್. ಫೇಲಾದವಳು ನಾನು.

ಮೇಷ್ಟ್ರಿಗೆ ಫೋನ್ ಮಾಡಿ ಹೇಳಿದೆ. "ಮೂವತ್ತು ವರ್ಷ ಮನೆಮನೆಗೆ ಅಂಚೆ ಹಂಚಿದೀನಿ ತಾಯಿ. ಪಕ್ಕದ್ಮನೆ ಕಾಗ್ದ ಇಟ್ಕೊಂಡೋರು ಬೇಕಾದಷ್ಟು ಜನ, ವಾಪಸ್ ಕೊಟ್ಟೋರು ನೀವೊಬ್ರೇ" ಅಂದರು. ನನ್ನ ಸರ್ಟಿಫಿಕೇಟು ರದ್ದು. ಪಕ್ಕದ ಕಾಗದಕ್ಕೆ ಬಿದ್ದದ್ದು ಲೆಕ್ಕಕ್ಕಿಲ್ಲವಂತೆ, ಆದರೆ ಗುರುವಾರ ಎರಡು ಗಂಟೆಗೆ ನೀನು ಮತ್ತೆ ಹೊಡೆಯಬಹುದು, ಪುಕ್ಕಟೆಯಾಗಿಯೇ.

ನಿನ್ನ,
ಒಡೆಸ್ಸಾ

ಮರೆತದ್ದು: ಮರೆತದ್ದೇನಲ್ಲ, ಬಚ್ಚಿಟ್ಟದ್ದು. ನಿನ್ನೆ ನೋಡಿದೆ ಅಂದದ್ದು ಸುಳ್ಳು. ಆ ದೊಡ್ಡ ತೂತುಗಳನ್ನು ಅಂದೇ ನೋಡಿದ್ದೆ. ಮೇಷ್ಟ್ರು ಕನ್ನಡಕ ಹುಡುಕುತ್ತಿದ್ದಾಗ "ಇಪ್ಪತ್ತೆರಡು ಸಾರ್" ಎಂದು ನಾನೇ ಕೂಗಿ ಕಾಗದ ಸುತ್ತಿಬಿಟ್ಟೆ. ಹುಟ್ಟಿದಾಗಿನಿಂದ ಒಂದರಲ್ಲೂ ಪಾಸಾದವಳಲ್ಲ ಕಣೇ ನಾನು. ಹನ್ನೊಂದು ದಿನ ನಿನ್ನ ಮುಖ ನೋಡಿಕೊಂಡು ಸುಮ್ಮನಿದ್ದೆ. ಇದನ್ನು ಗುರುವಾರ ಮೇಷ್ಟ್ರ ಎದುರು ನಿಂತು ಹೇಳಬೇಕು. ಆದರೆ ನನ್ನ ಕಾರಿನ ಬ್ಯಾಟರಿ ಸತ್ತು ಕೂತಿದೆ. ಒಂದೂವರೆಗೆ ಬಂದು ನನ್ನನ್ನೂ ಹತ್ತಿಸಿಕೊಂಡು ಹೋಗುತ್ತೀಯಾ? ಹನ್ನೆರಡು ನಿಮಿಷದ ದಾರಿ, ಬೈಯುವುದನ್ನೆಲ್ಲ ಅಷ್ಟರಲ್ಲಿ ಬೈದು ಮುಗಿಸು. ಗುರಿಯಿಡುವಾಗ ನಿನ್ನ ಕೈ ನಡುಗಬಾರದು.