ಮೆಟ್ಟಿಲಿಗಿಂತ ನಡಿಗೆ ಮೇಲು

೧೬ ಫೆಬ್ರವರಿ ೨೦೨೫, ಭಾನುವಾರ. ಬೆಳಿಗ್ಗೆ ೬.೪೦

ಕನ್ನಡಕ ತೆಗೆದೆ. ಬಳೆ ತೆಗೆದೆ. ತೂಕದ ಯಂತ್ರದ ಹಲಗೆಯ ಮೇಲೆ ನಿಂತೆ. ಇವರು ಕೋಲಿನ ಮೇಲಿನ ಗುಂಡನ್ನು ಜಾರಿಸಿ ಓದಿದರು: "ಎಪ್ಪತ್ತೇಳು ಕಿಲೋ, ಎಂಟುನೂರು ಗ್ರಾಂ." ಬರೆದುಕೊಂಡೆ. ಓದುವುದು ಇವರು, ಬರೆಯುವುದು ನಾನು. ಕನ್ನಡಕವಿಲ್ಲದೆ ನನಗೆ ಕೋಲೂ ಕಾಣದು, ಗೆರೆಯೂ ಕಾಣದು. ತೂಕ-ಅಳತೆ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಇನ್‌ಸ್ಪೆಕ್ಟರ್ ಆಗಿದ್ದವರು ಮನೆಯಲ್ಲಿರುವಾಗ ಕಾಣಬೇಕಾದ ಅಗತ್ಯವೂ ಇಲ್ಲ.

ನಡಿಗೆ, ಎರಡು ವಾರ, ದಿನಕ್ಕೆ ನಲವತ್ತು ನಿಮಿಷ. ನಾಡಿ ನಿಮಿಷಕ್ಕೆ ೯೮. ಇಳಿದದ್ದು ನಾನೂರು ಗ್ರಾಂ. ಸಾಧಾರಣ.

ಡಾ. ಕೀರ್ತನಾ ಕೊಟ್ಟ ಗಡುವು ಮೇ ೫. ಅಷ್ಟರಲ್ಲಿ ಆರು ಕಿಲೋ ಇಳಿಯಬೇಕು, ಸಕ್ಕರೆಯ ಮೂರು ತಿಂಗಳ ಸರಾಸರಿಯೂ ಇಳಿಯಬೇಕು. ಇಲ್ಲವಾದರೆ ಇನ್ಸುಲಿನ್. ಅಮ್ಮನ ಹೊಟ್ಟೆಯ ಮೇಲಿನ ಸೂಜಿಯ ಕಲೆಗಳನ್ನು ಹನ್ನೊಂದು ವರ್ಷ ನೋಡಿದವಳು ನಾನು. ಬೇಡ.

"ಯಾವುದಾದ್ರೂ ಕಾರ್ಡಿಯೋ ಮಾಡಿ ಮೇಡಂ," ಎಂದರು ಡಾಕ್ಟರು. ಯಾವುದಾದರೂ ಎಂಬುದು ಉತ್ತರವಲ್ಲ. ಮೂವತ್ತನಾಲ್ಕು ವರ್ಷ ಶಾಲೆಯಲ್ಲಿ ಮಕ್ಕಳಿಂದ ಅಂಥ ಉತ್ತರವನ್ನು ನಾನು ಸ್ವೀಕರಿಸಲಿಲ್ಲ. ಪ್ರತಿಯೊಂದು ವ್ಯಾಯಾಮಕ್ಕೂ ಎರಡು ವಾರ ಕೊಡುವುದು, ತೂಗುವುದು, ಗೆದ್ದದ್ದನ್ನು ಮುಂದುವರಿಸುವುದು. ನಾಳೆಯಿಂದ ಸೈಕಲ್.

೨೩ ಫೆಬ್ರವರಿ

ಕೆಳಮನೆಯ ಬಾಡಿಗೆದಾರಳು ಮಾಲವಿಕಾ ತನ್ನ ವ್ಯಾಯಾಮದ ಸೈಕಲ್ ಕೊಟ್ಟಿದ್ದಾಳೆ. ಒಳ್ಳೆಯ ಹುಡುಗಿ. "ವೇಟ್ ಲಾಸ್ ಬೇಕಂದ್ರೆ ಜುಂಬಾಗೆ ಬನ್ನಿ ಆಂಟಿ, ಬಸವೇಶ್ವರನಗರದಲ್ಲಿ ಸಖತ್ತಾಗಿ ಮಾಡಿಸ್ತಾರೆ," ಎಂದಳು. ಹೋದೆ, ಒಂದು ದಿನ. ಆ ಕುಣಿತದ ಹಾಡಿನ ಸದ್ದಿನಲ್ಲಿ ನನ್ನ ನಾಡಿಯನ್ನೇ ಎಣಿಸಲಾಗಲಿಲ್ಲ. ಪಟ್ಟಿಯಿಂದ ಹೊಡೆದುಹಾಕಿದೆ. ಹಗ್ಗದಾಟವನ್ನೂ ಹೊಡೆದುಹಾಕಿದೆ. ಇಪ್ಪತ್ತು ಸಲ ಹಾರುವಷ್ಟರಲ್ಲಿ "ಆಂಟೀ, ಫ್ಯಾನ್ ಅಲ್ಲಾಡ್ತಿದೆ," ಎಂದು ಅವಳೇ ಮೇಲೆ ಬಂದಳು.

ತೂಕದ ಯಂತ್ರವನ್ನು ನೋಡಿ ಬೆರಗಾದಳು. ಕಾಮಾಕ್ಷಿಪಾಳ್ಯದ ಕೊಟ್ರಪ್ಪ ಅಕ್ಕಿ ಅಂಗಡಿ ಮುಚ್ಚುವಾಗ ಇವರು ತಂದದ್ದು. ಹಳೆಯ ಕೆಲಸದ ಕಥೆ ಹೇಳಲು ಇವರಿಗೆ ಒಬ್ಬರು ಸಿಕ್ಕಂತಾಯಿತು.

"ಒಬ್ಬ ಗುಜರಿ ಅಂಗಡಿಯವ್ನು ನೋಡಮ್ಮ. ಕೋಲಿನ ತುದೀಲಿ ತೂಗಾಡುತ್ತಲ್ಲ ಈ ಕಬ್ಬಿಣದ ಬಿಲ್ಲೆ, ಇದರ ಕೆಳಗೆ ನೆಲ್ಲಿಕಾಯಿಯಷ್ಟು ಹುಣಸೆಹಣ್ಣು ಅಂಟಿಸಿದ್ದ. ಅಷ್ಟಕ್ಕೇ ಪೇಪರ್ ಕಟ್ಟಲ್ಲಿ ಎರಡು ಕಿಲೋ ಮಾಯ."

"ಅವ್ನು ಏನಂದ ಅಂಕಲ್?"

"'ನಾನೆಲ್ಲಿ ಸುಳ್ಳು ಹೇಳ್ದೆ ಸಾರ್, ಕೋಲು ಹೇಳ್ತು' ಅಂದ. ಅಂಗಡಿಗೆ ಬೀಗ ಹಾಕಿಸ್ದೆ."

ನೂರನೆಯ ಸಲ ಕೇಳಿದೆ. ಆದರೂ ಹೆಮ್ಮೆಯಾಯಿತು.

೨ ಮಾರ್ಚ್, ಭಾನುವಾರ

೭೭.೩. ಸೈಕಲ್: ಐನೂರು ಗ್ರಾಂ. ನಾಡಿ ೧೦೮. ನಡಿಗೆಗಿಂತ ಕೂದಲೆಳೆಯಷ್ಟು ಮೇಲು. ಆದರೆ ಗೋಡೆ ನೋಡುತ್ತ ತುಳಿಯುವುದು ಬೇಸರ.

ನಾಳೆಯಿಂದ ಮೆಟ್ಟಿಲು. ವಿಜಯನಗರ ಮೆಟ್ರೊ ಸ್ಟೇಷನ್ನಿನದು, ರಸ್ತೆಯ ಬದಿಯದು.

೫ ಮಾರ್ಚ್

ಹನ್ನೆರಡು ಸಲ ಹತ್ತಿ ಇಳಿದೆ. ಅಲ್ಲಿಯ ಸೆಕ್ಯುರಿಟಿಯವರು, ಅಂಜಿನಯ್ಯ ಎಂಬವರು, ಮೂರು ದಿನ ನೋಡಿ ಇಂದು ಕೇಳಿಯೇಬಿಟ್ಟರು: "ಮೇಡಂ, ದಿನಾ ಮೇಲಕ್ ಬರ್ತೀರ, ಟ್ರೈನ್ ನೋಡ್ದೇನೆ ವಾಪಸ್ ಹೋಗ್ತೀರ. ಯಾರ್ಗಾದ್ರೂ ಕಾಯ್ತಿದೀರಾ?"

"ಆರು ಕಿಲೋ ಇಳಿಯುವುದನ್ನು ಕಾಯುತ್ತಿದ್ದೇನೆ," ಎಂದೆ.

"ಹಂಗಾರೆ ಲಿಫ್ಟ್ ತೋರ್ಸಲ್ಲ ಬಿಡಿ."

ನಾಡಿ ೧೨೬. ಉಸಿರು ಎದೆಯ ತಳ ಮುಟ್ಟುತ್ತದೆ. ಇದು ವ್ಯಾಯಾಮ.

೧೩ ಮಾರ್ಚ್

ನಿನ್ನೆ ಬರೆಯಲಿಲ್ಲ. ಒಂಬತ್ತನೆಯ ಸುತ್ತಿನಲ್ಲಿ ತಲೆ ಸುತ್ತಿತು. ಮೆಟ್ಟಿಲ ಮೇಲೇ ಕುಳಿತೆ. ಬೆವರು. ಅಂಜಿನಯ್ಯ ನೀರು ಕೊಟ್ಟು ಇವರಿಗೆ ಫೋನ್ ಮಾಡಿದರು. ಇವರು ಚಪ್ಪಲಿ ಅದಲುಬದಲು ಹಾಕಿಕೊಂಡು ಓಡಿ ಬಂದಿದ್ದರು.

"ಸಾಕು ಬಿಡೇ ಈ ಮೆಟ್ಟಿಲು. ಬೆಳಿಗ್ಗೆ ನನ್ನ ಜತೆ ಪಾರ್ಕಿಗೆ ಬಾ, ಮೊದಲಿನ ಹಾಗೆ."

"ನಡಿಗೆಯಲ್ಲಿ ಇಳಿದದ್ದು ನಾನೂರು ಗ್ರಾಂ. ಅಂಕಿ ತೋರಿಸಿ, ಆಮೇಲೆ ಮಾತನಾಡಿ."

"ನಿಂಗೆ ಅಂಕಿನೇ ಮುಖ್ಯ."

"ಹೌದು."

ಡಾಕ್ಟರಿಗೆ ಹೇಳಬೇಡಿ ಎಂದೆ. ಸುಮ್ಮನೆ ಗಾಬರಿ ಮಾಡುತ್ತಾರೆ.

೧೬ ಮಾರ್ಚ್, ಭಾನುವಾರ

೭೬.೧. ಮೆಟ್ಟಿಲು: ಒಂದು ಕಿಲೋ ಇನ್ನೂರು ಗ್ರಾಂ. ನಡಿಗೆಯ ಮೂರರಷ್ಟು. ಪರೀಕ್ಷೆ ಮುಗಿಯಿತು, ಮೆಟ್ಟಿಲು ಗೆದ್ದಿತು.

ಓದಿ ಹೇಳಿ ಇವರು ಒಳಗೆ ಹೋಗಿ ಕಾಫಿಗೆ ನೀರಿಟ್ಟರು. ಆಮೇಲೆ ಕಾಫಿ ಕುಡಿಯುವಾಗ: "ನಡಿಗೆ ಮಾಡ್ದಾಗ ನಿಂಗೆ ಶೀತ ಆಗಿತ್ತು, ನೆನಪಿದ್ಯಾ? ಮೂರು ದಿನ ಹೋಗ್ಲೇ ಇಲ್ಲ. ಹುಷಾರಿಲ್ಲದ ಮಕ್ಕಳಿಗೆ ನೀನು ಮತ್ತೆ ಪರೀಕ್ಷೆ ಕೊಡ್ತಿರಲಿಲ್ವಾ?"

ಕೊಡುತ್ತಿದ್ದೆ. ನ್ಯಾಯವಾದ ಮಾತು. ನಡಿಗೆಗೆ ಇನ್ನೆರಡು ವಾರ.

೩೦ ಮಾರ್ಚ್, ಯುಗಾದಿ

೭೪.೩!

ನಡಿಗೆಯಲ್ಲಿ ಒಂದು ಕಿಲೋ ಎಂಟುನೂರು ಗ್ರಾಂ. ನಂಬಲಾಗದೆ ಇವರಿಂದ ಎರಡು ಸಲ ಓದಿಸಿದೆ. ಎರಡು ಸಲವೂ ಅದೇ. ನನ್ನ ತೀರ್ಪು ನಾನೇ ತಿದ್ದಿಕೊಳ್ಳಬೇಕು. ಅಂಕಿಗೆ ತಲೆಬಾಗದಿದ್ದರೆ ಇಷ್ಟು ವರ್ಷ ಕಲಿಸಿದ್ದಕ್ಕೆ ಏನರ್ಥ? ಮೆಟ್ಟಿಲಿಗಿಂತ ನಡಿಗೆ ಮೇಲು. ಮೇ ೫ರವರೆಗೆ ನಡಿಗೆಯೇ.

ಒಬ್ಬಟ್ಟು ಒಂದೇ ತಿಂದೆ.

೧೩ ಏಪ್ರಿಲ್, ಭಾನುವಾರ

೭೩.೨. ಪಾರ್ಕಿನಲ್ಲಿ ಹಿರಿಯ ಮಹಿಳೆಯರು ಒತ್ತಾಯಿಸಿದರು. ಹತ್ತು ನಿಮಿಷ ಮಾತನಾಡಿದೆ. ಬೇರೆ ಬೇರೆ ವ್ಯಾಯಾಮಗಳ ಹೋಲಿಕೆ, ನಾಡಿ, ತೂಕ, ಎಲ್ಲವೂ ಅಂಕಿ ಸಮೇತ. ಇಬ್ಬರು ಜಿಮ್ ಬಿಟ್ಟು ನಡಿಗೆಗೆ ಬರುವುದಾಗಿ ಹೇಳಿದರು. ಇವರು ಬೆಂಚಿನ ಮೇಲೆ ಕುಳಿತು ಪೇಪರ್ ಓದುತ್ತಿದ್ದರು. ತಲೆಯೆತ್ತಲಿಲ್ಲ.

ರವಿಕೆಗಳು ಮಾತ್ರ ಇನ್ನೂ ಬಿಗಿ. ಒಗೆದು ಒಗೆದು ಕುಗ್ಗಿರಬೇಕು. ಯಂತ್ರ ಬಿಟ್ಟು ರವಿಕೆಯನ್ನು ನಂಬಲೇ?

೪ ಮೇ, ಭಾನುವಾರ

೭೧.೪. ಆರು ಕಿಲೋ ಎಂಟುನೂರು ಗ್ರಾಂ. ಗೆದ್ದೆ. ರಕ್ತಪರೀಕ್ಷೆಯ ವರದಿ ನೇರವಾಗಿ ಆಸ್ಪತ್ರೆಗೆ ಹೋಗಿದೆ. ನಾಳೆ ನಾನೊಬ್ಬಳೇ ಹೋಗಿ ಬರುತ್ತೇನೆ ಎಂದೆ. ಇವರು ಬರುತ್ತೇನೆಂದು ಹಟ ಹಿಡಿದರು.

೫ ಮೇ. ಸಂಜೆ

ಬರೆಯಲೇಬೇಕು.

ಆಸ್ಪತ್ರೆಯ ಯಂತ್ರ ೭೫.೯ ತೋರಿಸಿತು. ನರ್ಸಿಗೆ ಹೇಳಿದೆ, ಕಾಯುತ್ತಿದ್ದವರೆಲ್ಲರಿಗೂ ಕೇಳುವಂತೆ: "ನಿಮ್ಮ ಯಂತ್ರವನ್ನು ಸರಿಪಡಿಸಿಕೊಳ್ಳಿ. ನಮ್ಮ ಯಜಮಾನರು, ಗೋಪೀನಾಥರು, ತೂಕ-ಅಳತೆ ಇಲಾಖೆಯಲ್ಲಿ ಇದ್ದವರು. ಬೇಕಿದ್ದರೆ ಅವರನ್ನೇ ಕೇಳಿ."

ತಿರುಗಿ ನೋಡಿದೆ. ಇವರು ಗೋಡೆಯ ಮೇಲಿನ ಹೃದಯದ ಚಿತ್ರವನ್ನು ನೋಡುತ್ತಿದ್ದರು.

"ಬೇರೆ ಮಷೀನ್ ತರ್ತೀನಿ ಮೇಡಂ," ಎಂದಳು ನರ್ಸ್. ತಂದಳು. ೭೫.೮.

ಸಕ್ಕರೆಯ ಸರಾಸರಿ ಹೆಚ್ಚುಕಡಿಮೆ ಅಲ್ಲೇ ಇದೆ. "ನಡಿಗೆ ಒಳ್ಳೇದೇ, ಆದ್ರೆ ನಿಮಗೆ ಇನ್ನೂ ಜೋರಾಗಿ ಬೇಕಿತ್ತು," ಎಂದರು ಡಾಕ್ಟರು. ಮೆಟ್ಟಿಲಿನ ವಿಷಯ, ತಲೆ ಸುತ್ತಿದ ವಿಷಯ, ಈಗ ಹೇಳಿದೆ. "ಮಾತ್ರೆ ತಗೊಂಡು ಖಾಲಿ ಹೊಟ್ಟೇಲಿ ಹತ್ತಿದ್ರಾ? ಶುಗರ್ ಇಳಿದಿರುತ್ತೆ ಅಷ್ಟೆ. ಒಂದು ಬಾಳೆಹಣ್ಣು ತಿಂದ್ಕೊಂಡು ನಿಧಾನವಾಗಿ ಹತ್ತಬಹುದಿತ್ತಲ್ಲ. ಅವತ್ತೇ ಒಂದು ಫೋನ್ ಮಾಡ್ಬಾರ್ದಿತ್ತಾ ಮೇಡಂ?"

ಫೋನ್ ಮಾಡಬೇಡಿ ಎಂದವಳು ನಾನೇ. ಆ ತಪ್ಪು ನನ್ನದು. ಬರೆದಿಡುತ್ತೇನೆ.

ಇನ್ಸುಲಿನ್ ನಾಳೆಯಿಂದ.

ಮನೆಗೆ ಬಂದು, ಕನ್ನಡಕ ಹಾಕಿಕೊಂಡೇ, ಗುಂಡನ್ನು ಸೊನ್ನೆಗೆ ಜಾರಿಸಿದೆ. ಹಲಗೆಯ ಮೇಲೆ ಯಾರೂ ಇಲ್ಲ. ಕೋಲು ಸಮನಾಗಿ ನಿಲ್ಲಬೇಕಿತ್ತು. ಬಿಲ್ಲೆಯ ಕಡೆ ಬಿತ್ತು. ಬಿಲ್ಲೆಯ ಕೆಳಗೆ ಕೈ ಹಾಕಿದೆ.

ಹುಣಸೆಹಣ್ಣು. ಪದರ ಪದರವಾಗಿ. ಮೇಲಿನದು ಒಣಗಿ ಕಪ್ಪಾಗಿದೆ, ಕೆಳಗಿನದು ಇನ್ನೂ ಮೆತ್ತಗಿದೆ. ನಿಂಬೆಹಣ್ಣಿನ ಗಾತ್ರ. ನನ್ನದೇ ಡಬ್ಬಿಯದು.

"ಇದು ಇಲ್ಲಿ ಯಾಕಿದೆ ರೀ?"

"ಅವತ್ತು ನೀನು ಬೆವರಿ ಕೂತಿದ್ದು ನೋಡಿ ಜೀವ ಬಾಯಿಗೆ ಬಂದಿತ್ತು ಕಣೇ. ಬೇಡ ಅಂದ್ರೆ ಕೇಳಿದ್ಯಾ? ಅಂಕಿ ತೋರಿಸಿ ಅಂದೆ."

"ಆರೇಳು ಭಾನುವಾರ. ನನ್ನೆದುರು ನಿಂತು ಸುಳ್ಳು ಓದಿದಿರಿ."

"ಸುಳ್ಳು ಓದ್ಲಿಲ್ಲ. ಕೋಲು ಏನು ತೋರಿಸ್ತೋ ಅದನ್ನೇ ಓದ್ದೆ."

ಹೇಳಿದ ಮೇಲೆ ಅವರಿಗೇ ಕೇಳಿಸಿತು, ಇದು ಯಾರ ಮಾತೆಂದು. ಕುಳಿತುಬಿಟ್ಟರು. ಒಂದು ವಾರ ಮಾತ್ರ ಎಂದುಕೊಂಡಿದ್ದರಂತೆ. ತೆಗೆದರೆ ಒಮ್ಮೆಗೇ ತೂಕ ಏರಿದಂತೆ ಕಾಣುತ್ತದೆ, ನಾನು ಮತ್ತೆ ಮೆಟ್ಟಿಲಿಗೆ ಹೋಗುತ್ತೇನೆ. ಹಾಗಾಗಿ ಪ್ರತಿ ವಾರ ಇನ್ನಷ್ಟು. ನನ್ನ ಜತೆ ಬೆಳಿಗ್ಗೆ ನಡೆಯುವುದು ಹಿತವಾಗಿತ್ತಂತೆ.

ನನಗೂ ಹಿತವಾಗಿತ್ತು. ಈಗ ಅದನ್ನೂ ಯಾವ ಕೋಲಿನಲ್ಲಿ ತೂಗಲಿ?

೬ ಮೇ

ಸೂಜಿ. ನಾನೇ ಚುಚ್ಚಿಕೊಂಡೆ. ಗೋಪೀನಾಥರು ಹತ್ತಿಯ ಚೂರು ಹಿಡಿದು ನಿಂತಿದ್ದರು. ಬೇರೆ ಹತ್ತಿ ತೆಗೆದುಕೊಂಡೆ.

೧೧ ಮೇ, ಭಾನುವಾರ

ಪಾರ್ಕಿಗೆ ಹೋಗಿ ಆ ಮಹಿಳೆಯರಿಗೆ ಹೇಳಿದೆ: ನನ್ನ ಅಂಕಿಗಳು ತಪ್ಪು, ಯುಗಾದಿಯಿಂದ ಈಚಿನವನ್ನೆಲ್ಲ ಹೊಡೆದುಹಾಕಿ. ಯಾಕೆ ಎಂದು ಕೇಳಿದರು. ಯಂತ್ರ ಕೆಟ್ಟಿತ್ತು ಎಂದೆ.

ಈ ವಯಸ್ಸಿನಲ್ಲಿ ಗೋಪೀನಾಥರು ನನ್ನಿಂದಲೂ ಸುಳ್ಳು ಹೇಳಿಸಿದರು.

೨೩ ಮೇ

ಮೆಟ್ಟಿಲು. ಬಾಳೆಹಣ್ಣು ತಿಂದು, ನಿಧಾನವಾಗಿ, ಎಂಟು ಸಲ. ತಲೆ ಸುತ್ತಲಿಲ್ಲ.

ಅಂಜಿನಯ್ಯ: "ಮೇಡಂ, ಸಾರ್ ದಿನಾ ಕೆಳಗಡೆ ಹೂವಿನ ಅಂಗಡಿ ಪಕ್ಕ ನಿಂತಿರ್ತಾರೆ, ಕೈಲಿ ಬಾಟ್ಲು ಹಿಡ್ಕೊಂಡು. ನೀವು ಇಳಿಯೋ ಹೊತ್ಗೆ ಸರಿಯಾಗಿ ಮಾಯ. ಜಗಳ ಆಡಿದೀರಾ?"

"ನಿಮ್ಮ ಕೆಲಸ ನೋಡಿ," ಎಂದೆ.

ಮೇಲಿನಿಂದ ನೋಡಿದೆ. ನಿಂತಿದ್ದರು.

೧ ಜೂನ್, ಭಾನುವಾರ. ಬೆಳಿಗ್ಗೆ ೬.೪೦

ಕನ್ನಡಕ ಹಾಕಿಕೊಂಡೇ ಯಂತ್ರದ ಬಳಿ ಹೋದೆ. ಅದನ್ನು ಒರೆಸಿ, ಎಣ್ಣೆ ಬಿಟ್ಟು ಇಟ್ಟಿದ್ದರು. ಗುಂಡನ್ನು ಸೊನ್ನೆಗೆ ತಂದೆ. ಖಾಲಿ ಕೋಲು ಸಮನಾಗಿ ನಿಂತಿತು, ನೀರಿನ ಮೇಲಿಟ್ಟಂತೆ.

ಅಷ್ಟು ಸಾಕಿತ್ತು. ಆದರೂ ಕೈ ತಾನಾಗಿ ಬಿಲ್ಲೆಯ ಕೆಳಗೆ ಹೋಯಿತು. ತಡವಿತು. ಏನೂ ಇರಲಿಲ್ಲ. ಇನ್ನೊಮ್ಮೆ ತಡವಿತು.

ತಲೆಯೆತ್ತಿದರೆ ಬಾಗಿಲಲ್ಲಿ ನಿಂತಿದ್ದರು. ನೋಡಿದ್ದರು. ಒಳಗೆ ಹೋದರು. ಪಾರ್ಕಿಗೆ ಹೋಗುವ ಅವರ ಚಪ್ಪಲಿ ಹೊಸ್ತಿಲ ಬಳಿಯೇ ಇದೆ.

ಹಲಗೆಯ ಮೇಲೆ ನಿಂತು ನಾನೇ ಓದಿದೆ. ಇಂದಿನ ತೂಕ ಕನ್ನಡಕ, ಬಳೆ ಸಹಿತ ೭೪ ಕಿಲೋ.