ಒಂಬತ್ತನೇ ನಂಬರಿನ ಅಂಗಿ

ರಾಜೀವನಗರ, ಮೈಸೂರು
12 ಜೂನ್ 2025, ಗುರುವಾರ ಬೆಳಿಗ್ಗೆ

ಧರಣಿಯ ಅಪ್ಪನಿಗೆ ನಯನಾ ಮಾಡುವ ನಮಸ್ಕಾರ.

ನೀವಿರುವುದು ಹಿನಕಲ್ಲಿನಲ್ಲಿ, ನಾನಿರುವುದು ರಾಜೀವನಗರದಲ್ಲಿ. ಇಬ್ಬರ ಕೈಯಲ್ಲೂ ಫೋನಿದೆ. ಇವಳಿಗೇನಾಯಿತು ಕಾಗದ ಬರೆಯುವುದಕ್ಕೆ ಎಂದು ಹುಬ್ಬು ಗಂಟಿಕ್ಕಬೇಡಿ. ಫೋನಿನಲ್ಲಿ ಹೇಳಹೊರಟರೆ ನೀವು ಅರ್ಧಕ್ಕೇ "ಆಯ್ತು ಬುಡು" ಅನ್ನುತ್ತೀರಿ. ಎದುರಿಗೆ ಕೂತು ಹೇಳೋಣವೆಂದರೆ ಇಪ್ಪತ್ತೆಂಟು ವರ್ಷದಿಂದ ನನಗೆ ಧೈರ್ಯ ಬಂದಿಲ್ಲ. ಮಧ್ಯಾಹ್ನ ಧರಣಿ ನಿಮಗೆ ಊಟ ತರುವಾಗ ಇದನ್ನೂ ತರುತ್ತಾಳೆ. ಮೊದಲು ಊಟ ಮಾಡಿ, ಆಮೇಲೆ ಓದಿ.

ಮಂಡಿ ಹೇಗಿದೆ? ನಿಮ್ಮ ತಂಗಿ ಸುಮಾ ನಿನ್ನೆ ಫೋನ್ ಮಾಡಿ ದೂರು ಹೇಳಿದಳು. "ಅತ್ಗೆ, ಅಣ್ಣ ವಾಕರ್ ಮೂಲೇಲಿ ನಿಲ್ಸ್ಬುಟ್ಟು ಗೋಡೆ ಹಿಡ್ಕೊಂಡು ಓಡಾಡ್ತನೆ, ನೀವೇ ಬಂದು ಬುದ್ಧಿ ಹೇಳಿ" ಅಂದಳು. ಆಪರೇಷನ್ ಆದ ಕಾಲು ಅದು, ಎದುರಾಳಿಯನ್ನು ಏಮಾರಿಸಿದ ಹಾಗೆ ಅದನ್ನು ಏಮಾರಿಸಲಾಗದು. ನಮ್ಮ ಮನೆಯ ಮೆಟ್ಟಿಲು ಹತ್ತುವ ಹಾಗಿದ್ದರೆ ನಿಮ್ಮನ್ನು ಅಲ್ಲಿ ಬಿಡುತ್ತಲೇ ಇರಲಿಲ್ಲ. ನಾನಾದರೂ ಬಂದಿರೋಣವೆಂದರೆ ಸ್ಕೂಲು ಶುರುವಾಗಿದೆ, ಯೂನಿಫಾರ್ಮುಗಳ ರಾಶಿ ನನ್ನ ಮಂಚದ ಮೇಲೂ ಬಂದು ಮಲಗಿದೆ.

ವಿಷಯಕ್ಕೆ ಬರುತ್ತೇನೆ. ನಿನ್ನೆ ಸಂಜೆ ನಿಮ್ಮ ಫುಟ್‌ಬಾಲ್ ಕ್ಲಬ್ಬಿನ ಸೆಕ್ರೆಟರಿ ರೇವಣಸಿದ್ದ ಬಂದಿದ್ದ. ಭಾನುವಾರ ನಿಮಗೆ ಮಾಡುವ ಸನ್ಮಾನದ ದಿನ ನಿಮ್ಮ ಹಳೇ ಒಂಬತ್ತನೇ ನಂಬರಿನ ಅಂಗಿಗೆ ಗಾಜು ಹಾಕಿಸಿ ಕ್ಲಬ್ಬಿನ ಗೋಡೆಗೆ ತೂಗುಹಾಕುತ್ತಾರಂತೆ. ಅಂಗಿ ಕೊಡಿ ಅಂದ. ನಾಳೆ ಬಾ ಎಂದು ಕಳಿಸಿದೆ. ಹೊರಡುವಾಗ ಚಪ್ಪಲಿ ಮೆಟ್ಟುತ್ತಾ ಅವನು ಹೇಳಿದ ಮಾತಿನಿಂದ ನನಗೆ ಊಟ ಸೇರಲಿಲ್ಲ. "ಅಣ್ಣ ಭಾಷಣ ಎಲ್ಲ ರೆಡಿ ಮಾಡ್ಕೊಂಡವ್ರೆ ಅಕ್ಕ. ನಾನು ಸ್ಟೇಟ್‌ಗೆ ಆಡೋವಷ್ಟು ದೊಡ್ಡ ಆಟಗಾರ ಆಗಿರ್ಲಿಲ್ಲ, ಸೆಲೆಕ್ಟರ್‌ಗಳು ಸರಿಯಾಗೇ ನೋಡುದ್ರು, ಆದ್ರೂ ಆಟ ಬುಡ್ಲಿಲ್ಲ ಅಂತ ಮಕ್ಳಿಗೆ ಹೇಳ್ತಾರಂತೆ."

ಈ ಮಾತು ನನಗೆ ಹೊಸದಲ್ಲ. ಧರಣಿ ಸಣ್ಣವಳಿದ್ದಾಗ ಅಪ್ಪಾ, ನೀನ್ಯಾಕೆ ಕರ್ನಾಟಕಕ್ಕೆ ಆಡಲಿಲ್ಲ ಎಂದು ಕೇಳಿದರೆ ಇದನ್ನೇ ನಗುನಗುತ್ತಾ ಹೇಳುತ್ತಿದ್ದಿರಿ. ನಾನು ಪಕ್ಕದಲ್ಲಿ ನಿಂತು ಸಾರು ಬಡಿಸುತ್ತಿದ್ದೆ. ಮನೆಯೊಳಗಿನ ಮಾತು ಮನೆಯೊಳಗೇ ಇರಲಿ ಎಂದು ಸುಮ್ಮನಿದ್ದೆ. ಆದರೆ ಮೈಕಿನಲ್ಲಿ, ನೀವು ಆಟ ಕಲಿಸಿದ ಅಷ್ಟೂ ಮಕ್ಕಳ ಮುಂದೆ ಹೇಳಿದಿರೆಂದರೆ ಅದೇ ನಿಜವಾಗಿ ಉಳಿದುಬಿಡುತ್ತದೆ. ಅದು ನಿಜವಲ್ಲ. ಏನು ನಡೆಯಿತೆಂದು ನನಗೆ ಗೊತ್ತು, ಏಕೆಂದರೆ ನಡೆದದ್ದು ನನ್ನ ಕೈಯಿಂದ.

1997 ನೆನಪು ಮಾಡಿಕೊಳ್ಳಿ. ನಾನು ಮಂಡಕಳ್ಳಿಯಿಂದ ಬಂದು ನಿಮ್ಮ ಬೀದಿಯ ಚಿಕ್ಕಮ್ಮನ ಮನೆಯಲ್ಲಿ ಹೊಲಿಗೆ ಕಲಿಯುತ್ತಿದ್ದೆ. ನೀವು ಹಗಲಿಡೀ ಪ್ರೆಸ್ಸಿನಲ್ಲಿ ಪುಸ್ತಕ ಬೈಂಡ್ ಮಾಡಿ, ಸಂಜೆ ಅಂಟು ಮೆತ್ತಿದ ಕೈಯಲ್ಲೇ ಮೈದಾನಕ್ಕೆ ಓಡುತ್ತಿದ್ದಿರಿ. ಎಡಗಾಲಿನ ಶಿವರಾಮು ಎಂದರೆ ಸುತ್ತಲಿನ ನಾಲ್ಕು ಬಡಾವಣೆಗೆ ಗೊತ್ತಿತ್ತು. ಚೆಂಡು ಇನ್ನೂ ಎಲ್ಲೋ ಇರುವಾಗಲೇ ನೀವು ಅದು ಬಂದು ಬೀಳುವ ಜಾಗದಲ್ಲಿ ಹೋಗಿ ನಿಂತಿರುತ್ತಿದ್ದಿರಿ. ನನಗೆ ಆಟ ತಿಳಿಯುತ್ತಿರಲಿಲ್ಲ, ಅದೊಂದು ಮಾತ್ರ ತಿಳಿಯುತ್ತಿತ್ತು. ನೋಡಲು ಬರುತ್ತಿದ್ದುದೂ ಅದಕ್ಕೇ.

ರಾಜ್ಯದ ಕ್ಯಾಂಪಿಗೆ ಹುಡುಗರನ್ನು ಆರಿಸಲು ಬೆಂಗಳೂರಿನಿಂದ ಇಬ್ಬರು ಬರುತ್ತಾರೆಂದು ಕ್ಲಬ್ಬಿನವರು ಮೊದಲ ಸಲ ನಂಬರ್ ಇರುವ ಅಂಗಿ ಮಾಡಿಸಿದರು. ಹದಿನೈದು ನೀಲಿ ಅಂಗಿ, ಬೆನ್ನಿಗೆ ಬಿಳಿ ಬಟ್ಟೆಯ ಇಂಗ್ಲಿಷ್ ಅಂಕಿ. ಚಿಕ್ಕಮ್ಮ ಅಂಗಿ ಹೊಲಿದರು, ಅಂಕಿ ಕೂರಿಸುವ ಕೆಲಸ ನನಗೆ ಬಿತ್ತು. ಒಬ್ಬೊಬ್ಬರಿಗೂ ಅಳತೆ ಬೇರೆ. ನಿಮ್ಮದು ಉದ್ದ, ಹಿಂದೆ ನಿಂತು ತಡೆಯುವ ಮಹದೇವಣ್ಣನದು ಅಗಲ. ನಿಮ್ಮ ಅಂಗಿಯ ಕಾಲರಿನ ಒಳಗೆ, ಯಾರಿಗೂ ಕಾಣದ ಹಾಗೆ, ನಾನೊಂದು ಕೆಂಪು ನೂಲು ಹಾಕಿದ್ದೆ. ಹಾಕಿದ್ದೇನೆಂದು ನೀರಿನ ನಲ್ಲಿಯ ಹತ್ತಿರ ನಿಮಗೆ ಹೇಳಿದ್ದೂ ನಾನೇ. ನೀವು ಕಿವಿಯವರೆಗೂ ಕೆಂಪಾಗಿ ಕೊಡ ಬಿಟ್ಟು ಹೋಗಿದ್ದಿರಿ.

ಬಟ್ಟೆಗೆ ಗುರುತು ಹಾಕುವ ಚಾಕ್ ಅವತ್ತು ಮುಗಿದಿತ್ತು. ಬಾಲ್‌ಪೆನ್ನಿನಲ್ಲೇ ಅಂಗಿಗಳ ಬೆನ್ನ ಮೇಲೆ ಅಂಕಿಗಳ ಗೆರೆ ಬರೆದು ಹೊಲಿದೆ. ಆರು, ಒಂಬತ್ತು ಎರಡಕ್ಕೂ ಒಂದೇ ರಟ್ಟಿನ ಅಚ್ಚು, ತಿರುಗಿಸಿಟ್ಟರೆ ಆಯಿತು. ತಿರುಗಿಸುವಾಗ ನನ್ನ ಗಮನ ಕೆಂಪು ನೂಲಿನ ಮೇಲಿತ್ತು. 9 ಬರಬೇಕಿದ್ದ ನಿಮ್ಮ ಅಂಗಿಗೆ 6 ಕೂತಿತು, 6 ಬರಬೇಕಿದ್ದ ಮಹದೇವಣ್ಣನ ಅಂಗಿಗೆ 9.

ಅಂಗಿಗಳು ಮೈದಾನ ಸೇರಿದ್ದು ಆಟಕ್ಕೆ ಹತ್ತು ನಿಮಿಷ ಇರುವಾಗ. ನೀವು ಬೆನ್ನು ನೋಡಲಿಲ್ಲ, ಕಾಲರ್ ನೋಡಿ ಹಾಕಿಕೊಂಡಿರಿ. ಮಹದೇವಣ್ಣ ತನಗೆ ಹಿಡಿಸುವ ಅಂಗಿ ಹಾಕಿಕೊಂಡ. ನಂಬರಿನ ಅಂಗಿ ಯಾರಿಗೂ ಅಭ್ಯಾಸವಿರಲಿಲ್ಲ, ಯಾರೂ ಲಕ್ಷ್ಯ ಕೊಡಲಿಲ್ಲ. ಆ ದಿನ ನೀವು ಮೂರು ಗೋಲು ಹೊಡೆದಿರಿ. ಬೆಂಗಳೂರಿನವರು ಆಟ ನೋಡಿ, ನಿಮ್ಮ ಕೋಚ್ ಹಿಂದಿನ ದಿನವೇ ನಂಬರಿನ ಎದುರು ಹೆಸರು ಬರೆದು ಕೊಟ್ಟಿದ್ದ ಪಟ್ಟಿ ಜೇಬಿಗಿಟ್ಟುಕೊಂಡು ಸಂಜೆಯ ರೈಲು ಹತ್ತಿದರು. ಹದಿನೈದು ದಿನಕ್ಕೆ ಕಾಗದ ಬಂತು. ಅದರಲ್ಲಿ ಇದ್ದದ್ದು ಮಹದೇವಣ್ಣನ ಹೆಸರು. ನೀವು ಅವನನ್ನು ಹೆಗಲ ಮೇಲೆ ಹೊತ್ತು ಬೀದಿಯೆಲ್ಲ ಸುತ್ತಿಸಿದಿರಿ. ಆ ರಾತ್ರಿ ನೀವು ಅತ್ತಿರೆಂದು ಸುಮಾ ಆಮೇಲೆ ಯಾವತ್ತೋ ಹೇಳಿದಳು.

ಕ್ಯಾಂಪಿಗೆ ಹೋದ ಒಂದು ವಾರಕ್ಕೆ ಅವನು ವಾಪಸ್ ಬಂದ. ಚಿಕ್ಕಮ್ಮನ ಮನೆಯ ಜಗುಲಿಯ ಮೇಲೆ ಕೂತು ಎಲ್ಲರನ್ನೂ ನಗಿಸುತ್ತಿದ್ದ. "ನನ್ನ ಮುಂದ್ಗಡೆ ನಿಲ್ಸಿ ಗೋಲ್ ಹೊಡಿ ಹೊಡಿ ಅಂತಾರೆ ಕಣೋ ಶಿವರಾಮು. ಅವತ್ತು ಅಷ್ಟ್ ಚೆನ್ನಾಗ್ ಹೊಡ್ದಲ್ಲ, ಈಗೇನಾಯ್ತು ಅಂತ ಬೈತಾರೆ. ನಾನ್ ಯಾವತ್ತಪ್ಪ ಗೋಲ್ ಹೊಡ್ದೆ?" ನೀವೂ ಹೊಟ್ಟೆ ಹಿಡಿದುಕೊಂಡು ನಕ್ಕಿರಿ. ಒಳಗೆ ಮಿಷನ್ನಿನ ಮುಂದೆ ಕೂತಿದ್ದ ನನಗೆ ಅಂಕಿ ಅದಲುಬದಲಾದದ್ದು ಆಗ ಹೊಳೆಯಿತು. ಕಾಲರ್ ಸರಿಮಾಡುವ ನೆಪ ಹೇಳಿ ಎರಡೂ ಅಂಗಿ ತರಿಸಿಕೊಂಡು, ಅಂಕಿಗಳನ್ನು ಬಿಚ್ಚಿ ತಿರುಗಿಸಿ ಮತ್ತೆ ಮಿಷನ್ನಿನಲ್ಲಿ ಹೊಲಿದೆ.

ಇಷ್ಟೇ ಆಗಿದ್ದರೆ ಕೈತಪ್ಪು ಎಂದು ಎಂದೋ ಹೇಳಿ ನಿಮ್ಮಿಂದ ಬೈಸಿಕೊಂಡು ಮುಗಿಸುತ್ತಿದ್ದೆ. ಹೇಳಲಾಗದೆ ಉಳಿದದ್ದು ಮುಂದಿನದು. ಕ್ಯಾಂಪ್ ಇನ್ನೂ ಹತ್ತು ದಿನ ಇತ್ತು. ಮಹದೇವಣ್ಣನ ಜಾಗ ಖಾಲಿ ಇತ್ತು. ಅಂದೇ ನಿಮ್ಮ ಕೋಚ್ ಹತ್ತಿರ ಹೋಗಿ ಬಾಯಿಬಿಟ್ಟಿದ್ದರೆ ಮಾರನೇ ಬೆಳಿಗ್ಗೆ ನೀವು ಬೆಂಗಳೂರಿನಲ್ಲಿರುತ್ತಿದ್ದಿರಿ. ಚಪ್ಪಲಿ ಮೆಟ್ಟಿ ಬೀದಿಯ ತಿರುವಿನ ತನಕ ಹೋದೆ. ಅಲ್ಲಿ ನಿಂತೆ. ಹೋದವರಿಗೆ ಅಲ್ಲೇ ಯಾವುದಾದರೂ ದೊಡ್ಡ ಟೀಮಿನಲ್ಲಿ ಕೆಲಸವಾಗುತ್ತದೆ, ಅಲ್ಲೇ ಮನೆ, ಅಲ್ಲೇ ಮದುವೆ. ಕೆಂಪು ನೂಲಿನವಳನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ? ಹಾಗೇ ವಾಪಸ್ ಬಂದು ಮಿಷನ್ ತುಳಿದೆ. ಭಯಕ್ಕಲ್ಲ ರೀ, ಆಸೆಗೆ. ನೀವು ಇಲ್ಲೇ ಇರಲಿ ಎಂಬ ಆಸೆಗೆ ನಿಮ್ಮ ಆಟವನ್ನು ತಿಂದುಹಾಕಿದೆ.

ಎರಡು ವರ್ಷಕ್ಕೆ ನಮ್ಮ ಮದುವೆಯಾಯಿತು. 2005ರಲ್ಲಿ ಮಂಡಿ ಮುರಿಯುವ ತನಕ ನೀವು ಊರಿನ ಮೈದಾನಗಳಲ್ಲೇ ಆಡಿದಿರಿ. ಪ್ರತಿ ಗೋಲಿಗೂ ನಾನು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದೆ. ಧರಣಿ ಹುಟ್ಟಿದಾಗ ಐದು ತಿಂಗಳು ಮಂಡಕಳ್ಳಿಯಲ್ಲಿ ಬಾಣಂತನ ಮುಗಿಸಿ ಬಂದೆನಲ್ಲ, ಅಷ್ಟರಲ್ಲಿ ನೀವು ಆ ಅಂಗಿಯನ್ನು ಟ್ರಂಕಿನ ತಳಕ್ಕೆ ಸೇರಿಸಿದ್ದಿರಿ. "ಬಿಗಿಯಾಯ್ತು ಕಣೆ" ಅಂದಿರಿ. ಇನ್ನು ಅದನ್ನು ಯಾರೂ ನೋಡುವುದಿಲ್ಲ ಎಂದು ನನಗೆ ನೆಮ್ಮದಿಯೇ ಆಯಿತು. ಬೇರೆಯವರು ಬಾಣಂತಿ ಬಂದಳೆಂದು ಹೂವು, ಬಳೆ ತರುತ್ತಾರೆ. ನೀವು ಒಂದು ಡಬ್ಬಿ ಚಾಕ್ ತಂದು ಕೈಗಿಟ್ಟಿರಿ. ಅಂದಿನಿಂದ ಪ್ರತಿ ವರ್ಷ ಆಯುಧಪೂಜೆಗೆ ನನ್ನ ಮಿಷನ್ನಿನ ಮುಂದೆ ತಪ್ಪದೆ ಒಂದು ಡಬ್ಬಿ ಚಾಕ್. ಇಂಥ ರಸಿಕನನ್ನು ಕಟ್ಟಿಕೊಂಡೆನಲ್ಲ ಎಂದು ಚಿಕ್ಕಮ್ಮನ ಹತ್ತಿರ ಎಷ್ಟು ಸಲ ನಕ್ಕಿದ್ದೇನೋ.

ಈಗ ನನ್ನದೊಂದೇ ಕೇಳಿಕೆ. ಬೈಯಿರಿ, ಮಾತು ಬಿಡಿ, ಸುಮಾ ಮನೆಯಲ್ಲಿ ಇನ್ನೂ ಒಂದು ತಿಂಗಳು ಇರಿ. ಆದರೆ ಭಾನುವಾರ ಆ ಮಾತು ಹೇಳಬೇಡಿ. ನಿಮ್ಮ ಆಟ ಎಲ್ಲೂ ಕಡಿಮೆ ಬಿದ್ದಿರಲಿಲ್ಲ. ಕಾಗದ ಮುಗಿಸಿ ಟ್ರಂಕ್ ತೆಗೆಯುತ್ತೇನೆ, ಅಂಗಿಯ ಅಂಕಿ ಬಿಚ್ಚಿ ಆ ದಿನ ಇದ್ದ ಹಾಗೇ 6 ಮಾಡಿ ಕಳಿಸುತ್ತೇನೆ. ಗಾಜಿನೊಳಗೆ ಅದೇ ಇರಲಿ. ಯಾಕೆ ಎಂದು ಕೇಳಿದವರಿಗೆ ನಾನೇ ಹೇಳುತ್ತೇನೆ.

ಮಾತ್ರೆ ತಪ್ಪಿಸಬೇಡಿ. ವಾಕರ್ ಹಿಡಿದು ನಡೆಯಿರಿ.

ನಿಮ್ಮ ಮೇಲೆ ಆಸೆ ಇನ್ನೂ ತೀರದ,
ನಯನಾ

ಮರೆತ ಮಾತು: ಮರೆತದ್ದಲ್ಲ, ಈಗಷ್ಟೇ ಗೊತ್ತಾದದ್ದು. ಅಂಗಿ ತೆಗೆದು ಅಂಕಿಯ ಒಂದು ಮೂಲೆ ಬಿಚ್ಚಲು ಕತ್ತರಿ ಹಾಕಿದೆ. ಮೂರು ಹೊಲಿಗೆ ಬಿಚ್ಚಿ ಕೈ ನಿಂತುಹೋಯಿತು. ಇದು ನನ್ನ ಮಿಷನ್ನಿನ ಹೊಲಿಗೆಯಲ್ಲ. ಕೈಹೊಲಿಗೆ, ಅದೂ ಪ್ರೆಸ್ಸಿನಲ್ಲಿ ಪುಸ್ತಕಕ್ಕೆ ಹಾಕುವ ಮೇಣದ ದಪ್ಪ ನೂಲಿನಲ್ಲಿ. ಒಳಗೆ ಬಾಲ್‌ಪೆನ್ನಿನಲ್ಲಿ ಬರೆದ 6ರ ಗೆರೆ ಹಾಗೇ ಇದೆ. ನಾನು ಮಂಡಕಳ್ಳಿಯಲ್ಲಿದ್ದಾಗ ನೀವು ಇದನ್ನು ಬಿಚ್ಚಿ ನೋಡಿದ್ದೀರಿ. ನೋಡಿ, ಮತ್ತೆ 9 ಮಾಡಿ ಹೊಲಿದು, ನನಗೆ ಚಾಕ್ ತಂದುಕೊಟ್ಟಿದ್ದೀರಿ. ಇಪ್ಪತ್ನಾಲ್ಕು ವರ್ಷ ಊಟಕ್ಕೆ ಕೂತು ಸೆಲೆಕ್ಟರ್‌ಗಳು ಸರಿಯಾಗೇ ನೋಡಿದರು ಎಂದದ್ದು ಯಾರನ್ನು ಕಾಯಲು ಎಂದು ಈಗ ತಿಳಿಯಿತು. ಕಾಗದ ಹರಿದುಹಾಕೋಣ ಅನಿಸಿತು. ಆದರೆ ನಾನು ಬೀದಿಯ ತಿರುವಿನಿಂದ ವಾಪಸ್ ಬಂದದ್ದನ್ನು ಪೆನ್ನಿನ ಗೆರೆ ನಿಮಗೆ ಹೇಳಿರಲಾರದು, ಅದಕ್ಕೇ ಕಳಿಸುತ್ತಿದ್ದೇನೆ. ಅಂಗಿಯನ್ನೂ, ಸೂಜಿ ನೂಲನ್ನೂ ಧರಣಿಯ ಕೈಯಲ್ಲಿ ಕೊಟ್ಟಿದ್ದೇನೆ. 6 ಇರಲೋ 9 ಇರಲೋ, ನೀವೇ ಹೊಲಿಯಿರಿ. ಚಾಕ್ ಬೇಕಾಗುವುದಿಲ್ಲ, ಗೆರೆ ಇನ್ನೂ ಇದೆ.